ಜಗಲಿಯಿಂದ ಕಂಡ ಹೆಬ್ಬೆರಳು

ಅಂಕೋಲೆಯಲ್ಲಿ ಲ್ಯಾಟಿನ್ ಬಲ್ಲವನು ತಾನೊಬ್ಬನೇ ಎಂದು ಕಂಪೌಂಡರ್ ಶಾಂತಾರಾಮ ನಂಬಿದ್ದ. ಅಲ್ಲಗಳೆಯಲು ಲ್ಯಾಟಿನ್ ಬಲ್ಲ ಇನ್ನೊಬ್ಬರು ಬೇಕಲ್ಲ. ೧೯೩೪ರಲ್ಲಿ ಅಂಥವರು ಅಲ್ಲೆಲ್ಲಿ? ಮುಂಬಯಿಯಲ್ಲಿ ಓದಿ ಬಂದ ಡಾಕ್ಟರರು ಕಲಿತದ್ದನ್ನು ಎಂದೋ ಮರೆತಿದ್ದರು. ಅವರು ಉಂಡು ಅಡ್ಡಾದಾಗ ಅವರ ಹಳೆಯ ಶರೀರಶಾಸ್ತ್ರದ ಪುಸ್ತಕ ತೆರೆದು ಇವನು ಪಂಡಿತನಾಗಿದ್ದ.

ಡಾಕ್ಟರರು ಮದುವೆಗೆಂದು ಊರು ಬಿಟ್ಟ ವಾರವೇ ಬೇಲೆಕೇರಿಯ ಕೂಲಿಯಾಳು ಜಟ್ಟ ಹೆಂಡತಿ ಬೊಮ್ಮಿಯೊಡನೆ ಬಂದ. ಚಿಪ್ಪು ತುಳಿದು ಅವನ ಕಾಲಿನ ಹೆಬ್ಬೆರಳು ಸೀಳಿ ಬಾತಿತ್ತು. ಕೂಲಿಯವರು ಅಂಗಳದಾಚೆ ನಿಲ್ಲುವುದು, ಔಷಧವನ್ನು ಮೇಲಿನಿಂದ ಅವರ ಬಾಟಲಿಗೆ ಸುರಿಯುವುದು ಅಲ್ಲಿನ ಪದ್ಧತಿ. ಶಾಂತಾರಾಮ ಜಗಲಿಯಲ್ಲೇ ಕತ್ತು ಚಾಚಿದ.

"ಹೆದ್ರೂದು ಬೇಡ. ಇದು ಡಿಸ್ಟಲ್! ಲ್ಯಾಟಿನ್ನಿನಲ್ಲಿ ದಿಸ್ ಅಂದ್ರೆ ಬೇರೆಯಾಗಿ, ಸ್ತಾರೆ ಅಂದ್ರೆ ನಿಲ್ಲೂದು. ಮುಂಡದಿಂದ ದೂರ ನಿಂತ ಭಾಗ. ಮೊಣಕಾಲಿಗಿಂತ ಪಾದ ಡಿಸ್ಟಲ್, ಪಾದಕ್ಕಿಂತ ಬೆರಳು ಡಿಸ್ಟಲ್. ಜೀವ ಇರೂದು ಎದೆಲಿ. ಎಷ್ಟ್ ದೂರ ನೋಡು!"

"ದೂರ ನಿಲ್ಲೂಕೂ ಒಂದ್ ಹೆಸ್ರು ಉಂಟಾ ಒಡ್ಯಾ?" ಎಂದಳು ಬೊಮ್ಮಿ. "ನಾವು ಸುಮ್ನೇ ನಿಂತಿದ್ವು."

ಶಿಷ್ಯೆಯೊಬ್ಬಳು ಸಿಕ್ಕಳೆಂದು ಶಾಂತಾರಾಮ ಹಿಗ್ಗಿ, ಕೆಂಪು ಔಷಧ ಸುರಿದು ಕಳಿಸಿದ.

ಮುಂದಿನ ಸಂತೆಯ ದಿನ ಇಬ್ಬರೂ ಮತ್ತೆ ಬಂದರು. ಬೊಮ್ಮಿಯ ಕೈಯಲ್ಲಿ ಸೌತೆಕಾಯಿ, ಕೋಲೂರಿದ ಜಟ್ಟನ ಮುಖದಲ್ಲಿ ನಗೆ.

"ಬೇನಿಯೇ ಇಲ್ಲ ಒಡ್ಯಾ! ಚಿವುಟಿದ್ರೂ ಗೊತ್ತಾಗೂದಿಲ್ಲ."

ಅಷ್ಟರಲ್ಲಿ ಗಾಳಿ ತಿರುಗಿ ಅಂಗಳದ ವಾಸನೆ ಜಗಲಿಗೆ ಬಂತು. ನೋವು ಸತ್ತ ಅಂಗ ತಾನೂ ಸತ್ತಿರುತ್ತದೆಂದು ಅದೇ ಪುಸ್ತಕ ಹೇಳಿತ್ತು. ಶಾಂತಾರಾಮ ಮೆಟ್ಟಿಲಿಳಿದ. ಅವನು ಬಂದಷ್ಟೂ ಇಬ್ಬರೂ ರೂಢಿಯಂತೆ ಹಿಂದೆ ಸರಿದರು. ಜಟ್ಟ ಕುಂಟುತ್ತ, ಮರ್ಯಾದೆ ತಪ್ಪದಂತೆ.

"ನಿಲ್ಲೋ ಮಾರಾಯ!"

ಬೇಲಿ ಅಡ್ಡ ಬಂದಾಗಲೇ ಜಟ್ಟ ನಿಂತದ್ದು. ಕಪ್ಪು ಹರಡಿ ಮೊಣಕಾಲ ಹತ್ತಿರ ಬಂದಿತ್ತು.

"ಈಗಿಂದೀಗ ಕಾರವಾರದ ಆಸ್ಪತ್ರೆಗೆ ಹೋಗು. ಕಾಲು ತೆಗೀಬೇಕು."

ಜಟ್ಟ ನಕ್ಕ. "ಬೇನಿ ಇದ್ದಾಗ ಹೆದ್ರೂದು ಬೇಡ ಅಂದ್ರಿ. ಬೇನಿ ಹೋದ್ಮೇಲೆ ಕೊಯ್ಯೂದು ಅಂತ್ರಿ!"

"ನಾನು ಸರಿಯಾಗಿ ನೋಡ್ಲಿಲ್ಲ ಜಟ್ಟ. ಹೀಗೇ ಬಿಟ್ರೆ ನೀನು ಸಾಯ್ತೆ ಕಾಣೋ!"

ಶಾಂತಾರಾಮನ ಬಾಯಲ್ಲಿ ಲ್ಯಾಟಿನ್ನಿಲ್ಲದ ಮಾತು ಕೇಳಿ ಜಟ್ಟನ ನಗೆ ಆರಿತು. ಅವನು ಕಾಲನ್ನೇ ನೋಡಿದ.

"ಒಂಟಿ ಕಾಲಿನವ್ನಿಗೆ ಗದ್ದೆ ಕೆಲ್ಸ ಯಾರ್ ಕೊಡ್ತ್ರು ಒಡ್ಯಾ?"

ಉತ್ತರಕ್ಕೆ ಕಾಯದೆ ಅವನು ಬೇಲೆಕೇರಿಯ ಹಾದಿ ಹಿಡಿದ. ಬೊಮ್ಮಿ ಸೌತೆಕಾಯಿಯನ್ನು ನೆಲಕ್ಕಿಟ್ಟು, ಕೈಮುಗಿದು, ಗಂಡನ ಹಿಂದೆ ಹೋದಳು.