ನನ್ನ ಬೆನ್ನ ಮೇಲಿನ ಮೊಗ್ಗಿನ ಜಡೆ

ಒಬ್ಬರ ಮನೆಗೆ ಹೋದರೆ ಸುಮ್ಮನೆ ಕೂತು ಕಾಫಿ ಕುಡಿದು ಬರುವುದು ನನಗೆ ಆಗದ ಕೆಲಸ. ಅವರು ಕ್ಷೇಮ ಸಮಾಚಾರ ಕೇಳುವ ಹೊತ್ತಿಗಾಗಲೇ ನನ್ನ ಕಣ್ಣು ತಕರಾರು ತೆಗೆದಿರುತ್ತದೆ. ಕಿಟಕಿಯ ಪರದೆ ಗಿಡ್ಡವಾಯಿತು, ದೇವರ ಪಟ ಸೂರಿಗೆ ತಾಗುವಷ್ಟು ಮೇಲಕ್ಕೆ ಹೋಯಿತು, ಮನೆಯಾಕೆ ಹಸಿರು ಸೀರೆಗೆ ಅಂಥದೇ ಹಸಿರು ರವಿಕೆ ತೊಟ್ಟು ಸೊಪ್ಪಿನ ಕಟ್ಟಿನ ಹಾಗೆ ಕಾಣುತ್ತಿದ್ದಾಳೆ, ಹೀಗೆ. ಬಾಯಿ ಬಿಗಿಹಿಡಿಯಲು ಬಹಳ ಪ್ರಯತ್ನಪಡುತ್ತೇನೆ. ಎಷ್ಟೋ ಸಲ ಸೋಲುತ್ತೇನೆ.

ಈಗ ಈ ಚಾಳಿಗೆ ದೊಡ್ಡ ದೊಡ್ಡ ಹೆಸರುಗಳಿವೆ. ನಾನು ಹಿನಕಲ್‌ನಿಂದ ಮದುವೆಯಾಗಿ ಮೈಸೂರಿಗೆ ಬಂದಾಗ ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಆಗ ಇದಕ್ಕೆ ಇದ್ದದ್ದು ಒಂದೇ ಹೆಸರು, ಶೋಕಿ. ನನ್ನ ಅತ್ತೆಯ ಬಾಯಲ್ಲಿ ಅದು ದಿನಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು.

ನಮ್ಮದು ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ. ಇದ್ದವರು ಮೂವರು, ನನ್ನ ಯಜಮಾನರು, ಅವರ ತಾಯಿ ಮತ್ತು ನಾನು. ಬಂದ ಹೊಸದರಲ್ಲಿ ಆ ಬೋಳು ಗೋಡೆಗಳನ್ನು ನೋಡಿ ನನಗೆ ಅಳು ಬಂದಿತ್ತು. ಯಜಮಾನರು ಕಚೇರಿಗೆ ಹೋದ ಮೇಲೆ ಸುಣ್ಣಕ್ಕೆ ಒಂದಿಷ್ಟು ನೀಲಿ ಬೆರೆಸಿ ನಾನೇ ಬಳಿದೆ. ಮೈದಾ ಹಿಟ್ಟಿನ ಬಟ್ಟೆಚೀಲಗಳನ್ನು ಬಿಚ್ಚಿ, ದಾಳಿಂಬೆ ಸಿಪ್ಪೆ ಬೇಯಿಸಿದ ನೀರಿನಲ್ಲಿ ಅದ್ದಿ ಒಣಗಿಸಿ, ಹಳೆಯ ಸೀರೆಯ ಅಂಚು ಹಚ್ಚಿ ಪರದೆ ಮಾಡಿದೆ. ಒಡೆದ ಬಳೆಯ ಚೂರುಗಳನ್ನು ದೀಪದ ಉರಿಗೆ ಹಿಡಿದು ಬಗ್ಗಿಸಿ, ಕೊಂಡಿಗೆ ಕೊಂಡಿ ಸೇರಿಸಿ ಬಾಗಿಲಿಗೆ ತೋರಣ ಕಟ್ಟಿದೆ. ಎರಡು ಬೆರಳು ಸುಟ್ಟುಕೊಂಡೆ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದರು. "ಇದೇನ್ ಮನೆಯೋ ನಾಟಕದ ಕಂಪ್ನಿಯೋ ಕಣಮ್ಮಿ. ಇನ್ನ ರಾಜಾ ಪಾರ್ಟು ಬಂದು ಕುಂತ್ಕೊಳದೊಂದು ಬಾಕಿ ಅದೆ" ಎಂದರು.

ಆದರೆ ತೆಗೆ ಎನ್ನಲಿಲ್ಲ. ಮಾರನೆಯ ದಿನ ಅಂಗಳ ಗುಡಿಸುತ್ತಿದ್ದವರು ಹಾಗೇ ನಿಂತು ಕಸಪೊರಕೆಯ ಕಡ್ಡಿಯೊಂದನ್ನು ಎಳೆದು ತೋರಣದ ಕಡೆ ತೋರಿಸಿದರು. "ಆ ಕೆಂಪು ಚೂರ್ನ ಅಲ್ಲಿಂದ ತಗ್ದು ಈ ಕಡೀಕ್ ಹಾಕು. ಎಲ್ಡು ಕೆಂಪು ಒಂದ್ ಪಕ್ಕದಲ್ಲಿ ಕುಂತ್ರೆ ಜಗಳ ಆಡ್ತವೆ." ಸಿಟ್ಟಿನಿಂದಲೇ ತೆಗೆದು ಹಾಕಿದೆ. ಹಾಕಿದ ಮೇಲೆ ನೋಡಿದರೆ ಇಡೀ ತೋರಣವೇ ಬೇರೆಯಾಗಿತ್ತು. ಈ ಮುದುಕಿಗೆ ನನಗಿಂತ ಒಳ್ಳೆಯ ಕಣ್ಣಿದೆ ಎಂದು ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು.

ಆಮೇಲೆ ನಿಧಾನವಾಗಿ ಅವರ ಕತೆ ಹೊರಬಂತು. ಅವರ ಕಾಲದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಯಾವ ಹೆಣ್ಣಿನ ಮದುವೆಯಾದರೂ, ಸೀಮಂತವಾದರೂ ಮೊಗ್ಗಿನ ಜಡೆ ಹಾಕಲು ಇವರನ್ನೇ ಗಾಡಿ ಕಳಿಸಿ ಕರೆಸುತ್ತಿದ್ದರಂತೆ. ಮಗನಿಗೆ ಆರು ವರ್ಷವಾಗಿದ್ದಾಗ ಮಾವನವರು ತೀರಿಕೊಂಡರು. ಅಲ್ಲಿಂದಾಚೆಗೆ ಇಪ್ಪತ್ತು ವರ್ಷ ಅತ್ತೆ ಹೂವು ಮುಟ್ಟಿರಲಿಲ್ಲ. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲವಂತೆ. ಯಾರೂ ಕರೆಯಲಿಲ್ಲ, ಅಷ್ಟೆ.

ನನಗೆ ಅವರು ಕಲಿಸಿದ್ದೂ ಮುಟ್ಟದೆಯೇ. ಕಿಟಕಿಯ ಸರಳಿಗೆ ಸೆಣಬಿನ ಹುರಿಯ ಜಡೆಯೊಂದನ್ನು ಕಟ್ಟಿ, ದೊಡ್ಡ ಮಾರ್ಕೆಟ್ಟಿನಿಂದ ತಂದ ಮಲ್ಲಿಗೆ ಮೊಗ್ಗನ್ನು ನಾನು ಸೂಜಿದಾರದಲ್ಲಿ ಹೊಲಿಯಬೇಕು. ಅವರು ಎರಡು ಮಾರು ದೂರದಲ್ಲಿ ಕೂತು ಕಡ್ಡಿಯಲ್ಲಿ ತೋರಿಸಿ ಬೈಯಬೇಕು. ಊರಿನವರೆಲ್ಲ ಮೊಗ್ಗನ್ನು ಬಾಳೆಪಟ್ಟೆಯ ಮೇಲೆ ಸಾಲಾಗಿ ಹೊಲಿದು, ಆ ಪಟ್ಟೆಯನ್ನು ಜಡೆಗೆ ಬಿಗಿಯುತ್ತಿದ್ದರು. ಅತ್ತೆಗೆ ಅದು ಆಗದು. "ಬೆನ್ನಿಗೆ ಹಲ್ಗೆ ಕಟ್ದಂಗೆ ಕಾಣ್ತದೆ. ಹೆಣ್ಣು ನಡುದ್ರೆ ಜಡೆನೂ ನಡೀಬೇಕು" ಎನ್ನುತ್ತಿದ್ದರು. ಹಾಗಾಗಿ ನಮ್ಮದು ಪಟ್ಟೆಯಿಲ್ಲದ ಜಡೆ. ಒಂದೊಂದು ಮೊಗ್ಗನ್ನೂ ನೇರವಾಗಿ ಕೂದಲಿಗೇ ಹೊಲಿಯಬೇಕು. ಕೂತವಳಿಗೆ ಎರಡು ತಾಸು ಕತ್ತು ಅಲ್ಲಾಡಿಸುವಂತಿಲ್ಲ. ಆದರೆ ಎದ್ದು ನಡೆದಳೆಂದರೆ ನೋಡಬೇಕು.

ಎರಡೇ ವರ್ಷದಲ್ಲಿ ನನಗೆ ಬೀದಿ ಬೀದಿಯಿಂದ ಕರೆ ಬರತೊಡಗಿತು. ಜಡೆಗೆಂದು ಕರೆಸಿದವರಿಗೆ ನಾನು ಸೀರೆಯನ್ನೂ ಆರಿಸಿ, ನೆರಿಗೆಯನ್ನೂ ಹಿಡಿದು, ಹೆಣ್ಣನ್ನು ಕೂರಿಸುವ ಜಾಗದ ಹಿಂದಿನ ಗೋಡೆಗೆ ಯಾವ ಬಣ್ಣದ ಜಮಖಾನ ಇಳಿಬಿಡಬೇಕೆಂದೂ ಹೇಳಿ ಬರುತ್ತಿದ್ದೆ. ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ. ಮನೆಗೆ ಬಂದ ಮೇಲೆ ಅತ್ತೆ ಎಲ್ಲವನ್ನೂ ಕೆದಕಿ ಕೆದಕಿ ಕೇಳುತ್ತಿದ್ದರು. ಹಣೆಯ ಮೇಲೆ ಎಷ್ಟು ಎಳೆ ಬಿಟ್ಟೆ, ಕುಚ್ಚು ಎಲ್ಲಿಗೆ ಬಂತು, ಹುಡುಗಿ ನಕ್ಕಳಾ ಎಂದು.

ಆ ನಡುವೆ ನನಗೆ ಒಂದು ಗರ್ಭ ನಿಂತು ಮೂರು ತಿಂಗಳಿಗೇ ಹೋಯಿತು. ಹಿಂದೆಯೇ ವಿಷಮಶೀತ ಜ್ವರ ಬಂತು. ಜ್ವರ ಬಿಟ್ಟಿತು, ಕೂದಲು ಉದುರಿತು. ಮಂಡಿ ಮುಟ್ಟುತ್ತಿದ್ದ ಜಡೆ ಇಲಿಬಾಲವಾಯಿತು. ಮತ್ತೆ ಬಸುರಾಗಿ, ಏಳನೆಯ ತಿಂಗಳಿಗೆ ಸೀಮಂತದ ಮಾತು ಬಂದಾಗ ನಾನು ಬೇಡವೇ ಬೇಡ ಎಂದು ಹಟ ಹಿಡಿದೆ. ಊರಿನ ಹೆಣ್ಣುಗಳಿಗೆಲ್ಲ ಜಡೆ ಹಾಕಿದವಳು ಬೋಳುತಲೆಯಲ್ಲಿ ಆರತಿಗೆ ಕೂರುವುದೇ? ಅದಕ್ಕಿಂತ ಅವಮಾನ ನನಗೆ ಬೇರೆ ಇರಲಿಲ್ಲ.

ಅತ್ತೆ ಎದ್ದುಹೋಗಿ ತಮ್ಮ ಪೆಟ್ಟಿಗೆಯ ತಳದಿಂದ ಒಂದು ಗಂಟು ತಂದರು. ಬಿಚ್ಚಿದರೆ ಒಳಗೆ ಚೌರಿ, ಮೂರು ಎಳೆಯ ಕಪ್ಪು ಕೂದಲು, ಆಗಾಗ ಎಣ್ಣೆ ಹಚ್ಚಿಡುತ್ತಿದ್ದರೇನೋ, ಪಸೆ ಇನ್ನೂ ಆರಿರಲಿಲ್ಲ. ಆಗಿನ ಹೆಂಗಸರು ತಲೆ ಬಾಚುವಾಗ ಬಾಚಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಗೂಡಿನಲ್ಲಿ ಕೂಡಿಟ್ಟು, ಸಾಕಷ್ಟಾದ ಮೇಲೆ ಚೌರಿ ಕಟ್ಟಿಸಿಕೊಳ್ಳುತ್ತಿದ್ದರು. ಇದು ಅತ್ತೆಯ ಸ್ವಂತ ಕೂದಲು.

"ನಾನು ಮುತ್ತೈದೆಯಾಗಿದ್ದಾಗಿಂದು ಇದು" ಎಂದರು. "ನಿಮ್ಮಾವ ಹೋದ್ಮೇಲಿಂದು ಒಂದೆಳೆನೂ ಸೇರ್ಸಿಲ್ಲ ಕಣವ್ವ. ದೋಸ ಇಲ್ಲ, ಹಾಕ್ಕೊ."

ನನ್ನ ಕಣ್ಣು ತುಂಬಿತು. "ಹಾಗಾದ್ರೆ ಜಡೆನೂ ನೀವೇ ಹಾಕಿ ಅತ್ತೆ" ಎಂದೆ.

ಅವರು ಹಿಂದಕ್ಕೆ ಸರಿದರು. "ಕೂದ್ಲು ಬೇರೆ, ಕೈ ಬೇರೆ. ಮೊದಲ್ನೇದು ಹಂಗಾಯ್ತು. ಇದಕ್ಕೇನಾರ ಆದ್ರೆ ಊರು ನನ್ ಕೈನೇ ತೋರ್ಸದು. ಊರು ಅತ್ಲಾಗಿರ್ಲಿ, ನಾನೇ ತೋರ್ಸ್ಕೋತೀನಿ."



ಸೀಮಂತದ ದಿನ ಹಿನಕಲ್‌ನಿಂದ ನಮ್ಮವ್ವ ಬಂದಿದ್ದಳು. ಜಡೆ ಹಾಕಲು ಪಕ್ಕದ ಮನೆಯಾಕೆ ಕೂತರು. ನಾಲ್ಕು ಗಂಟೆಯೊಳಗೆ ಸ್ಟುಡಿಯೊಗೆ ಹೋಗಿ, ಬೆನ್ನ ಹಿಂದೆ ನಿಲುವುಗನ್ನಡಿ ಇಟ್ಟು ಜಡೆ ಕಾಣುವಂತೆ ಫೋಟೊ ತೆಗೆಸಬೇಕು. ಅದು ಮೈಸೂರಿನ ಹೆಣ್ಣುಮಕ್ಕಳೆಲ್ಲರ ಆಸೆ, ನನ್ನದೂ. ತಡವಾದರೆ ಮೊಗ್ಗು ಬಿರಿದು ಸಾಲು ಕೆಡುತ್ತದೆ. ಚೌರಿ ಸೇರಿಸಿ ಹೆಣೆಯುವವರೆಗೆ ಎಲ್ಲ ಸರಿಯಿತ್ತು. ಮೊಗ್ಗು ಹೊಲಿಯಲು ಶುರುಮಾಡಿದ ಮೇಲೆ ಒಂದೊಂದು ಹೊಲಿಗೆಗೂ ಬುಡದ ಕೂದಲು ಜಗ್ಗಿತು. ಇಷ್ಟು ಜನರ ಬೆನ್ನು ಸಿಂಗರಿಸಿದವಳಿಗೆ ತನ್ನ ಬೆನ್ನು ಮಾತ್ರ ಕಾಣದು. ಎರಡು ಕನ್ನಡಿ ಹಿಡಿದು ನೋಡಿದರೆ ಸಾಲು ಓರೆಯಾಗಿ, ಕುಡಿದವನ ನಡಿಗೆಯ ಹಾಗೆ ಇತ್ತು. ಬಿಚ್ಚಿಸಿದೆ. ಎರಡನೆಯ ಸಲವೂ ಹಾಗೇ ಆಯಿತು.

"ಬಾಳೆಪಟ್ಟೆ ಮೇಲೆ ಹೊಲ್ದು ಕಟ್ಬುಡಣ ಕಣ್ರೀ, ಯಾರ್ ನೋಡ್ತಾರೆ" ಎಂದರು ಆಕೆ, ಸಾಕಾಗಿ.

"ನಾನು ನೋಡ್ತೀನಿ" ಎಂದೆ. ಗಂಟೆ ಎರಡೂವರೆಯಾಗಿತ್ತು.

ಅತ್ತೆ ಬೆಳಗಿನಿಂದ ಅಡುಗೆಮನೆಯ ಹೊಸಿಲಿನಾಚೆಯೇ ಇದ್ದರು. ಅಲ್ಲಿಂದಲೇ "ಮೇಲೆ, ಮೇಲೆ", "ಸೂಜಿ ಅಡ್ಡ ಹಿಡೀರಿ" ಎನ್ನುತ್ತಿದ್ದ ಅವರ ದನಿ ನಿಂತುಹೋಯಿತು. ನನ್ನ ಹಿಂದೆ ಸೂಜಿಯೂ ನಿಂತಿತು.

"ಬುಡಿ ಅತ್ಲಾಗೆ. ಹೂವ ಸಾಯಿಸ್ತಾ ಇದೀರ."

ಯಾರು ಕೂತರೆಂದು ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಮೊದಲ ಹೊಲಿಗೆಯಲ್ಲಿ ಒಂದು ಕೂದಲೂ ಜಗ್ಗಲಿಲ್ಲ. ನಾನು ನಮ್ಮವ್ವನ ಮುಖ ನೋಡಿದೆ. ಹೆತ್ತವಳು ಅವಳು, ಬೇಡ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವ್ವ ಎದ್ದು ಮೊಗ್ಗಿನ ತಟ್ಟೆ ತೆಗೆದುಕೊಂಡು ಅತ್ತೆಯ ಪಕ್ಕದಲ್ಲಿ ಕೂತಳು, ಗಾತ್ರ ನೋಡಿ ದೊಡ್ಡದು, ಚಿಕ್ಕದು ಆರಿಸಿ ಅವರ ಕೈಗೆ ಕೊಡತೊಡಗಿದಳು. ನನಗೆ ಎರಡು ತಾಸು ಹಿಡಿಯುತ್ತಿದ್ದ ಕೆಲಸವನ್ನು ಆ ಇಬ್ಬರು ಹೆಂಗಸರು ನನ್ನ ಬೆನ್ನ ಹಿಂದೆ ಮುಕ್ಕಾಲು ಗಂಟೆಯಲ್ಲಿ ಮುಗಿಸಿದರು.

ಕುಚ್ಚು ಕಟ್ಟಿ ದಾರ ಕತ್ತರಿಸಿದ ಮೇಲೆ ಅತ್ತೆಗೆ ಎಚ್ಚರವಾಯಿತೇನೋ. ತಮ್ಮ ಕೈಯನ್ನೇ ನೋಡಿಕೊಂಡರು, ಎದ್ದು ಹಿತ್ತಿಲಿಗೆ ಹೋದರು. ಆರತಿಗೆ ಎಷ್ಟು ಕೂಗಿದರೂ ಬರಲಿಲ್ಲ. ನಾವು ಸ್ಟುಡಿಯೊಗೆ ಹೊರಟಾಗ ಒಗೆಯುವ ಕಲ್ಲಿನ ಹತ್ತಿರ ಕೂತು ಕೈಗೆ ನೀರು ಹುಯ್ದುಕೊಳ್ಳುತ್ತಲೇ ಇದ್ದರು.

ಅವತ್ತಿನಿಂದ ಹೆರಿಗೆಯವರೆಗೆ ಅವರು ನನ್ನನ್ನಾಗಲಿ ನನ್ನ ಬಟ್ಟೆಯನ್ನಾಗಲಿ ಮುಟ್ಟಲಿಲ್ಲ. ನನ್ನ ತಟ್ಟೆಗೆ ಅನ್ನವನ್ನೂ ಮಗನ ಕೈಯಿಂದಲೇ ಹಾಕಿಸಿದರು. ಫೋಟೊ ಬಂತು, ಅದನ್ನೂ ನೋಡಲಿಲ್ಲ. ಹೊಟ್ಟೆಯಲ್ಲಿ ಮಗು ಒದ್ದಿತೆಂದು ನಾನು ಹೇಳಿದ ದಿನ ಸ್ವಲ್ಪ ಉಂಡರು, ಹೇಳದ ದಿನ ಅದೂ ಇಲ್ಲ. ಮಗುವಿಗೆ ಏನಾದರೂ ಆದರೆ ಈ ಹೆಂಗಸು ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೆರಿಗೆ ನೋವಿಗಿಂತ ನನಗೆ ಆ ಹೆದರಿಕೆಯೇ ದೊಡ್ಡದಾಗಿತ್ತು. ಅವರ ಮೇಲೆ ನನಗೆ ಅಷ್ಟು ಪ್ರೀತಿಯಿದೆ ಎಂದು ತಿಳಿದದ್ದೂ ಆಗಲೇ.

ಹೆರಿಗೆ ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ ಮಗಳು ಹುಟ್ಟಿದಳು. ಯಜಮಾನರು ಮನೆಗೆ ಓಡಿಹೋಗಿ ಸುದ್ದಿ ಹೇಳಿದರು. ಅತ್ತೆ ಬಂದದ್ದು ಮಾರನೆಯ ದಿನ ಮಧ್ಯಾಹ್ನ. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ವಾರ್ಡಿನ ಬಾಗಿಲಲ್ಲೇ ನಿಂತರು.

"ಹುಟ್ಟುತ್ಲೇ ಅಳ್ತಾ?" ಅಲ್ಲಿಂದಲೇ ಕೇಳಿದರು.

"ಇಡೀ ವಾರ್ಡನ್ನೇ ಎಬ್ಬಿಸಿಬಿಟ್ಟಳು ಅತ್ತೆ."

"ಹಾಲ್ ಕುಡೀತದಾ?"

"ಕುಡೀತಾಳೆ. ಒಳಗೆ ಬನ್ನಿ."

"ಕೈ ಕಾಲು?"

"ಎಲ್ಲಾ ನೆಟ್ಟಗಿದೆ. ಬನ್ನಿ ಅತ್ತೆ."

ಒಂದೊಂದೇ ಹೆಜ್ಜೆಯಿಟ್ಟು ಮಂಚದ ಹತ್ತಿರ ಬಂದರು. ಬಹಳ ಹೊತ್ತು ಮಗುವನ್ನು ನೋಡಿದರು. ಆಮೇಲೆ ಸೆರಗಿನಿಂದ ಕೈಗಳನ್ನು ಹೊರಗೆ ತೆಗೆದು, ಅಂಗೈ ಒಮ್ಮೆ, ಮುಂಗೈ ಒಮ್ಮೆ ತಿರುಗಿಸಿ ನೋಡಿಕೊಂಡರು.

"ನನ್ ಕೈ ಏನೂ ಮಾಡ್ನಿಲ್ಲ ಕಣವ್ವ" ಎಂದರು. ಹೇಳಿದ್ದು ನನಗಲ್ಲ, ಮಗುವಿಗೆ.

ಆ ಮಾತು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ, ಮಾವನವರು ಹೋದ ದಿನದಿಂದ, ಅವರೊಳಗೆ ಕೂತಿತ್ತೆಂದು ನನಗೆ ಆಗ ತಿಳಿಯಿತು. ಅಳು ತಡೆಯಲಾಗಲಿಲ್ಲ. ಮಗುವನ್ನು ಎತ್ತಿ ಆ ಕೈಗಳಲ್ಲಿ ಮಲಗಿಸಿದೆ.