ಯಾರೂ ಇಲ್ಲದ ನಡುಗಡ್ಡೆಗೆ ಹೊರಟ ಭಾವ

ಬೀಗರ ಊಟದ ಪಂಕ್ತಿಯಲ್ಲಿ, ಹಬೆಯಾಡುವ ಬಾಡಿನ ಪಾತ್ರೆಯ ಪಕ್ಕ ನಿಂತು, ‘ಮಾಂಸ ಬಿಡಿ’ ಎಂದು ಭಾಷಣ ಮಾಡಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಕವಲಂದೆಯಲ್ಲಿ, ಮಟಮಟ ಮಧ್ಯಾಹ್ನ. ಆ ಮನುಷ್ಯ ಬೇರೆ ಯಾರೂ ಅಲ್ಲ, ನಮ್ಮ ಅಕ್ಕನ ಗಂಡ ಗುರುಮಲ್ಲಪ್ಪ ಭಾವ.

ಕರೆದಿದ್ದವರು ಅವರ ಬ್ಯಾಂಕಿನ ಹಳೆಯ ಅಟೆಂಡರು. ಪಾಪ, ಭಾವನಿಗೆಂದೇ ಬೇರೆ ಒಲೆ ಹೂಡಿಸಿ ಅನ್ನ, ತಿಳಿಸಾರು, ಪಾಯಸ ಮಾಡಿಸಿದ್ದರು. ಭಾವ ಪಾಯಸ ಮುಗಿಸಿ, ಕೈ ತೊಳೆದು, ಶುರು ಹಚ್ಚಿಕೊಂಡರು. ಪ್ರಾಣಿಹಿಂಸೆ, ಪಾಪ, ಮುಂದಿನ ಜನ್ಮ. ಯಾರೂ ಎದುರು ಮಾತಾಡಲಿಲ್ಲ. (ಎಲೆ ಮುಂದೆ ಕೂತಾಗ ನಮ್ಮ ಕಡೆ ಜನಕ್ಕೆ ಬರುವಷ್ಟು ಸಹನೆ ಧ್ಯಾನಕ್ಕೆ ಕೂತವರಿಗೂ ಬರುವುದಿಲ್ಲ.) ಕೊನೆಗೆ ಒಬ್ಬ ಹಿರಿಯರು ಮುದ್ದೆ ಮುರಿಯುತ್ತಲೇ ಹೇಳಿದರು: “ಸಾ, ನೀವ್ ಏಳ್ತಾ ಇರಿ, ನಾವ್ ಉಣ್ತಾ ಇರ್ತೀವಿ. ಯಾರ್ ಕೆಲ್ಸನೂ ನಿಲ್ಲೋದ್ ಬ್ಯಾಡ.”

ವಾಪಸು ಬರುವಾಗ ಬಸ್ಸಿನಲ್ಲಿ ಭಾವನ ಮುಖ ಬೆಳಗುತ್ತಿತ್ತು. “ನೋಡಮ್ಮಾ, ಒಬ್ಬರೂ ಎದ್ದು ಹೋಗಲಿಲ್ಲ” ಎಂದರು. ಬಿರಿಯಾನಿ ಬಿಟ್ಟು ಯಾರು ತಾನೇ ಎದ್ದು ಹೋಗುತ್ತಾರೆ?

ಭಾವ ಕೆಟ್ಟವರಲ್ಲ. ಮ್ಯಾನೇಜರಾಗಿದ್ದಾಗ ಜನರೇ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ರಿಟೈರಾದ ಮೇಲೆ ಅವರು ಜನರನ್ನು ಹುಡುಕಿಕೊಂಡು ಹೊರಟರು, ಅಷ್ಟೆ. ಯಾವುದೋ ಪ್ರವಚನ ಶಿಬಿರಕ್ಕೆ ಹೋಗಿ ಬಂದವರ ಕಣ್ಣಿಗೆ ಲೋಕದಲ್ಲಿ ಎರಡೇ ಜಾತಿ ಕಾಣತೊಡಗಿತು: ದೀಕ್ಷೆ ತೆಗೆದುಕೊಂಡವರು, ಇನ್ನೂ ತೆಗೆದುಕೊಳ್ಳದವರು. ಹಾಲು ತರುವವರು, ಗ್ಯಾಸ್ ಸಿಲಿಂಡರ್ ಹೊತ್ತು ತರುವವರು, ದಾರಿ ತಪ್ಪಿ ವಿಳಾಸ ಕೇಳಿದವರು, ಎಲ್ಲರಿಗೂ ಒಂದು ಕರಪತ್ರ, ಒಂದು ರುದ್ರಾಕ್ಷಿ, ಒಂದು ಉಪದೇಶ.

ಹೋದ ಮಳೆಗಾಲದ ಶುರುವಿನಲ್ಲಿ ಅಕ್ಕ, ಭಾವ ನಂಜನಗೂಡಿಗೆ ನಮ್ಮ ಮನೆಗೆ ಬಂದಿದ್ದರು. ಟಿವಿಯಲ್ಲಿ ಒಂದು ಸಿನಿಮಾ ಬರುತ್ತಿತ್ತು. ನಿಜವಾಗಿ ನಡೆದದ್ದಂತೆ. ಯಾರ ಸಹವಾಸವೂ ಬೇಡ ಎಂದು ತಮ್ಮ ಪಾಡಿಗೆ ತಾವಿದ್ದ ಕಾಡುಜನರಿಗೆ ತನ್ನ ದೇವರ ಪರಿಚಯ ಮಾಡಿಸಲು ಹೊರಟ ಒಬ್ಬ ಮಿಷನರಿ ಹುಡುಗನ ಕಥೆ. ಹೋಗಬೇಡ ಎಂದು ಎಲ್ಲರೂ ಹೇಳುತ್ತಾರೆ, ಅವನು ಹೋಗುತ್ತಾನೆ, ಸಾಯುತ್ತಾನೆ.

ಭಾವನಿಗೆ ಕೆಂಡದಂಥ ಸಿಟ್ಟು. “ಇವನಿಗೇನು ತಲೆ ಕೆಟ್ಟಿತ್ತಾ? ಬೇಡ ಅಂದ ಮೇಲೆ ಮುಗೀತು. ಅವರ ದೇವರು ಅವರಿಗೆ. ಇದು ಭಕ್ತಿ ಅಲ್ಲಮ್ಮಾ, ಹುಚ್ಚು.”

ಅಕ್ಕ ಗೌರಮ್ಮ ಹಲಸಿನ ತೊಳೆ ಬಿಡಿಸುತ್ತಿದ್ದವಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಚಾನೆಲ್ ಬದಲಾಯಿಸಿದೆ.

ಈಗ ಬೋರಯ್ಯನ ವಿಷಯಕ್ಕೆ ಬರುತ್ತೇನೆ. ತಿ. ನರಸೀಪುರದಲ್ಲಿ ಅಕ್ಕನ ಮನೆಯಿಂದ ಹೊಳೆ ಹತ್ತಿರ. ಹೊಳೆಯ ನಡುವೆ ಪುಟ್ಟದೊಂದು ನಡುಗಡ್ಡೆ. ಅಲ್ಲಿ ಬೋರಯ್ಯ, ಸಣ್ಣಮ್ಮ ಎಂಬ ಗಂಡ ಹೆಂಡತಿ ಗುಡಿಸಲು ಹಾಕಿಕೊಂಡು, ಮೀನು ಹಿಡಿದು, ಆಡು ಸಾಕಿಕೊಂಡಿದ್ದರು. ಬೇಸಿಗೆಯಲ್ಲಿ ಮರಳ ಮೇಲೆ ನಡೆದು ಹೋಗಿ ಭಾವ ಅವರಿಗೂ ಉಪದೇಶ ಮಾಡಿದ್ದರು. ಸಣ್ಣಮ್ಮ ಮಜ್ಜಿಗೆ ಕೊಟ್ಟು, ನೇರವಾಗಿಯೇ ಹೇಳಿದ್ದಳು: “ಸಾ, ನೀವ್ ಬನ್ನಿ, ಕುಂತ್ಕಳಿ, ಮಜ್ಗೆ ಕುಡೀರಿ. ಈ ಮಾತ್ ಮಾತ್ರ ತರ್ಬ್ಯಾಡಿ. ಮೀನ್ ಬುಟ್ರೆ ನಾವ್ ಉಣ್ಣೋದೇನ? ನಮ್ಗೆ ಒಳೆ ತಾಯಿ ಅವ್ಳೆ, ಸಾಕು.”

ಬೇಡ ಅಂದ ಮೇಲೆ ಮುಗೀತು, ಅಲ್ಲವೇ? ಭಾವ ಅದನ್ನು ‘ಇನ್ನೂ ಕಾಲ ಕೂಡಿ ಬಂದಿಲ್ಲ’ ಎಂದು ಅರ್ಥ ಮಾಡಿಕೊಂಡರು.

ಸಿನಿಮಾ ನೋಡಿ ಕೆಲವು ವಾರ ಕಳೆದಿರಬಹುದು. ನಾನು ಅಕ್ಕನ ಮನೆಗೆ ಹೋಗಿದ್ದೆ. ಮೇಲೆ ಮಳೆ ಜೋರು, ಕಬಿನಿಯಿಂದ ನೀರು ಬಿಟ್ಟಿದ್ದರು. ಹೊಳೆಗೆ ಯಾರೂ ಇಳಿಯಬಾರದು ಎಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಬೆಳಗಿನಿಂದ ಸಾರುತ್ತಿದ್ದರು. ಭಾವ ಕಾಫಿ ಕುಡಿಯುತ್ತ ಕೇಳಿಸಿಕೊಂಡರು. “ಕಷ್ಟ ಬಂದಾಗಲೇ ಮನಸ್ಸು ಮೆತ್ತಗಾಗೋದು” ಎಂದರು. ಯಾರ ಮನಸ್ಸು ಎಂದು ನಾವು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರೂ ಇರಲಿಲ್ಲ, ಗೂಟಕ್ಕೆ ನೇತುಹಾಕಿದ್ದ ಅವರ ಉಪದೇಶದ ಚೀಲವೂ ಇರಲಿಲ್ಲ.

ನಾನು, ಅಕ್ಕ ಹೊಳೆಗೆ ಓಡಿದೆವು. ದಡದಲ್ಲಿ ಸಣ್ಣಮ್ಮ ನಿಂತಿದ್ದಳು. ದಡದಲ್ಲಿ! ಗಂಡ ಹೆಂಡತಿ ಬೆಳಗ್ಗೆಯೇ ಆಡುಗಳನ್ನು ದಾಟಿಸಿ, ಎತ್ತರದ ಶಾಲೆಯ ಜಗುಲಿಗೆ ಹೊಡೆದುಕೊಂಡು ಹೋಗಿದ್ದರು. ಹಗ್ಗ ತರಲು ದಡಕ್ಕೆ ವಾಪಸು ಬಂದರೆ ಕಟ್ಟಿಹಾಕಿದ್ದ ಎರಡು ತೆಪ್ಪಗಳಲ್ಲಿ ಚಿಕ್ಕದು ಇಲ್ಲ.

“ಅಗೋ ನೋಡಿ ಅವ್ವಾ” ಎಂದು ಸಣ್ಣಮ್ಮ ಕೈ ತೋರಿಸಿದಳು. “ನಮ್ ತೆಪ್ಪ ತಕ್ಕಂಡು ನಮ್ಮನ್ನೇ ಉಡುಕ್ಕಂಡ್ ಓಯ್ತಾವ್ರೆ.”

ಕೆಂಪು ನೀರಿನಲ್ಲಿ ತೆಪ್ಪ ಬುಗುರಿಯ ಹಾಗೆ ತಿರುಗುತ್ತಿತ್ತು. ಒಳಗೆ ಭಾವ, ಎದೆಗೆ ಅವುಚಿಕೊಂಡ ಚೀಲ. ಹುಟ್ಟು ಆಗಲೇ ಕೈಬಿಟ್ಟು ಹೋಗಿತ್ತು. ನಮ್ಮ ಕಣ್ಣೆದುರಿಗೇ ತೆಪ್ಪ ಅರ್ಧ ಮುಳುಗಿದ ಹೊಂಗೆ ಮರಕ್ಕೆ ಬಡಿದು ಮಗುಚಿತು. ಭಾವ ಕೊಂಬೆಗೆ ಜೋತುಬಿದ್ದರು.

ಬೋರಯ್ಯ ದೊಡ್ಡ ತೆಪ್ಪಕ್ಕೆ ಹಗ್ಗ ಬಿಗಿಯತೊಡಗಿದ. ಸಣ್ಣಮ್ಮ ಅವನ ತೋಳು ಹಿಡಿದಳು.

“ಓಗ್ಬ್ಯಾಡ. ಆ ಯಪ್ಪನ್ಗೋಸ್ಕರ ನೀ ಸತ್ರೆ ನನ್ಗ್ಯಾರ್ ಗತಿ?”

“ಬುಡೇ. ಮನೆಗ್ ಬಂದು ಮಜ್ಗೆ ಕುಡ್ದವ್ರು.”

ಅಷ್ಟೇ ಅವನ ವಾದ. ಹಗ್ಗದ ತುದಿಯನ್ನು ದಡದಲ್ಲಿದ್ದ ನಾಲ್ಕಾರು ಜನರ ಕೈಗೆ ಕೊಟ್ಟು ನೀರಿಗೆ ಇಳಿದ. ಹೋಗುವಾಗ ಸುಲಭವಾಗಿ ಹೋದ. ಭಾವನನ್ನು ಒಳಗೆ ಎಳೆದುಕೊಂಡು ಬರುವಾಗ ಸೆಳೆತಕ್ಕೆ ತೆಪ್ಪ ಬಂಡೆಗೆ ಅಪ್ಪಳಿಸಿತು. ನಡುವೆ ಭುಜ ಕೊಟ್ಟವನು ಬೋರಯ್ಯ.

ದಡಕ್ಕೆ ತಂದು ಹಾಕಿದಾಗ ಸಣ್ಣಮ್ಮ ಕೇಳಿದಳು, “ಉಸ್ರಾಡ್ತಾ ಅವ್ರಾ?”

ಬೋರಯ್ಯ ನೋವಿಗೆ ಹಲ್ಲು ಕಚ್ಚಿಕೊಂಡೇ ಹೇಳಿದ: “ಉಸ್ರೇನು, ನಡುನೀರ್ನಲ್ಲೂ ಉಪದೇಸ ಮಾಡುದ್ರು.”

ಭುಜದ ಮೂಳೆ ಮುರಿದಿತ್ತು. ಮಳೆಗಾಲ ಮುಗಿಯುವ ತನಕ ಬಲೆ ಮುಟ್ಟಬೇಡ ಎಂದು ಡಾಕ್ಟರು ಪಟ್ಟಿ ಕಟ್ಟಿದರು. ಹಾಗೆಂದರೆ ಹೊಳೆಯಲ್ಲಿ ಮೀನು ತುಂಬಿರುವಷ್ಟು ದಿನವೂ. ಅಕ್ಕ ದಿನವೂ ರೊಟ್ಟಿ, ಪಲ್ಯ, ಅನ್ನ, ಸಾರು ಕ್ಯಾರಿಯರಿನಲ್ಲಿ ತುಂಬಿಕೊಂಡು ಶಾಲೆಯ ಜಗುಲಿಗೆ ಹೋಗತೊಡಗಿದಳು. ಒಂದು ದಿನ ನಾನೂ ಜೊತೆಗಿದ್ದೆ. ಸಣ್ಣಮ್ಮ ಕ್ಯಾರಿಯರ್ ಬಿಚ್ಚಿ, ಹುರುಳಿಕಾಯಿ ಪಲ್ಯವನ್ನು ನೋಡಿ ಹೇಳಿದಳು: “ಅಂತೂ ಮೀನ್ ಬುಟ್ಟೋ ಕಣವ್ವ. ನಿಮ್ ಯಜಮಾನ್ರು ಅಂದ್ಕಂಡಂಗೇ ಆಯ್ತು.”

ಅವಳು ನಗುತ್ತಿದ್ದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅಕ್ಕನ ಕಣ್ಣಲ್ಲಿ ನೀರು ಬಂತು.

ಭಾವ ಬದಲಾದರೇ ಎಂದು ನೀವು ಕೇಳಬಹುದು. ಬದಲಾದರು. ಮೊದಲು ಅವರ ಭಾಷಣದಲ್ಲಿ ಪವಾಡ ಇರಲಿಲ್ಲ, ಈಗ ಇದೆ. ಬೋರಯ್ಯನನ್ನು ನೋಡಲು ಒಮ್ಮೆ ಹೋಗಿದ್ದರು, ಹಣ್ಣು ಕೊಟ್ಟರು, ಹಣ್ಣಿನ ಜೊತೆಗೇ ಕರಪತ್ರವನ್ನೂ ಕೊಟ್ಟರು. ಮೊನ್ನೆ ಹೆಡತಲೆಯಲ್ಲಿ ಅವರ ಮಾತು ಕೇಳಿದವರು ಹೇಳಿದರು, ಪ್ರಳಯದಂಥ ಹೊಳೆಯಲ್ಲಿ ಶಿವನೇ ಕೈ ಹಿಡಿದು ಎತ್ತಿದ ಎಂದಾಗ ಹೆಂಗಸರು ಕಣ್ಣೊರೆಸಿಕೊಂಡರಂತೆ. ಆ ಕಥೆಯಲ್ಲಿ ಬೋರಯ್ಯ ಇಲ್ಲ. ‘ಒಬ್ಬ ದಾರಿ ತಪ್ಪಿದ ಬೆಸ್ತ’ ದಡದಲ್ಲಿ ನಿಂತು ಪವಾಡ ನೋಡುತ್ತಾನೆ.

ಅದೇ ವಾರ ನಾನು ಹೋದಾಗ ಭಾವ ಊಟಕ್ಕೆ ಕೂತಿದ್ದರು. ಅದೇ ಮಾತು. “ನೋಡಮ್ಮಾ, ನನ್ನನ್ನು ಉಳಿಸಿದ್ದು ದೇವರೇ. ಬೋರಯ್ಯನಿಗೂ ಒಂದು ದಿನ ಇದು ಅರ್ಥ ಆಗುತ್ತೆ.”

ಅಕ್ಕ ಅನ್ನ ಬಡಿಸುತ್ತಿದ್ದಳು. ಮದುವೆಯಾದಾಗಿನಿಂದ ಗಂಡನ ಮಾತಿಗೆ ಅಡ್ಡ ಬಂದವಳಲ್ಲ. ಸೌಟು ಕೆಳಗಿಟ್ಟು, ಮೆಲ್ಲಗೆ ಕೇಳಿದಳು:

“ನಿಮ್ಮನ್ನ ಉಳಿಸಿದ್ದು ದೇವರು, ಸರಿ. ಬೋರಯ್ಯನ ಭುಜ ಮುರಿದದ್ದು ಯಾರ್ರೀ?”