ಭರಣಿ, ಡಿಸ್ಕು ಮತ್ತು ದೊಡ್ಡಪ್ಪನ ಕುಣಿತ

ಮೂರು ಕಂಪನಿಗಳ ದರಪಟ್ಟಿಯನ್ನು ಮೇಜಿನ ಮೇಲೆ ಹರಡಿಕೊಂಡೇ ಊಟದ ಡಬ್ಬಿ ತೆರೆದೆ. ಮಾವಿನಕಾಯಿ ಉಪ್ಪಿನಕಾಯಿಯ ಘಮ ಕೋಣೆಯನ್ನೆಲ್ಲ ತುಂಬಿತು. ಮಗನ ಮದುವೆಗೆ ಕರೆಯಲು ಬಂದಿದ್ದ ದೊಡ್ಡಮ್ಮ ಕೊಟ್ಟುಹೋದದ್ದು. ನಾನು ಕೆಲಸ ಮಾಡುವುದು ತುಮಕೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ. ತನಿಖೆಗೆಂದು ಬರುವ ಹಾರ್ಡ್ ಡಿಸ್ಕುಗಳನ್ನು ಒಂದಕ್ಷರವೂ ಕದಲದಂತೆ ನಕಲು ಮಾಡಿಕೊಡುವುದು ನಮ್ಮ ಕಸುಬು. ಅದಕ್ಕೊಂದು ಹೊಸ ಯಂತ್ರ ಬೇಕು, ಆರಿಸುವ ಹೊಣೆ ನನ್ನದು. ಮೂವರೂ ತಮ್ಮದೇ ಎಲ್ಲಕ್ಕಿಂತ ವೇಗ ಎಂದು ದಪ್ಪ ಅಕ್ಷರದಲ್ಲಿ ಹೇಳಿಕೊಂಡಿದ್ದರು. ಆದರೆ ನನ್ನ ಮನಸ್ಸು ಆಗಲೇ ಕೊಡಿಗೇನಹಳ್ಳಿಯ ಅಡುಗೆಮನೆ ಸೇರಿತ್ತು. ನೀವೂ ಬನ್ನಿ, ದೊಡ್ಡಮ್ಮನಿಗೆ ಜನ ಬಂದಷ್ಟೂ ಖುಷಿ.

ಅಲ್ಲಿ ಉಪ್ಪಿನಕಾಯಿಗೆ ಎರಡು ಮನೆ. ದೊಡ್ಡ ಭರಣಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಮೂಲೆಯ ಕತ್ತಲಲ್ಲಿ ಕೂತಿರುತ್ತದೆ. ಊಟದ ಹೊತ್ತಿಗೆ ಹೊರಗೆ ಬರುವುದು ಸಣ್ಣ ಜಾಡಿ. ಅದು ಖಾಲಿಯಾದರೆ ದೊಡ್ಡಮ್ಮ ಕೈ ಒರೆಸಿಕೊಂಡು, ಒಣಗಿದ ಮರದ ಸೌಟು ಹಿಡಿದು ಭರಣಿ ಬಿಚ್ಚುತ್ತಾರೆ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ನಮ್ಮ ದೊಡ್ಡಪ್ಪ ನಿವೃತ್ತ ಮೇಷ್ಟ್ರು, ಇಡೀ ತರಗತಿಯನ್ನು ಬರೀ ಕಣ್ಣಿನಲ್ಲೇ ಕೂರಿಸುತ್ತಿದ್ದವರು. ಅವರೇ ಒಮ್ಮೆ ಮೊಸರನ್ನ ಮೆತ್ತಿದ ಚಮಚ ಹಿಡಿದು ಅತ್ತ ಹೋದರು.

“ರೀ! ಆ ಚಮಚ ಒಳಗೆ ಹೋದ್ರೆ ನೀವು ಹೊರಗೆ!”

ಇಂಥ ದೊಡ್ಡಪ್ಪ ಮಗಳ ಮದುವೆಯ ಮೆರವಣಿಗೆಯಲ್ಲಿ ತಮಟೆಗೆ ಕುಣಿದರು ಎಂದು ದೊಡ್ಡಮ್ಮ ಹೇಳುತ್ತಿದ್ದರು. “ನಾನೆಲ್ಲೇ ಕುಣಿದೆ? ಕಾಲಿಗೆ ಕಲ್ಲು ಚುಚ್ಚಿತ್ತು,” ಎಂದು ದೊಡ್ಡಪ್ಪನ ವಾದ. ನಾನಿನ್ನೂ ಕಾಲೇಜಿನಲ್ಲಿದ್ದೆ, ಆಗ ಪರೀಕ್ಷೆ, ಹೋಗಿರಲಿಲ್ಲ. ಹೋಗಿದ್ದರೂ ಅಷ್ಟೇ, ತಮಟೆ ಶುರುವಾಯಿತೆಂದರೆ ನಾನು ಎಲ್ಲರ ಚಪ್ಪಲಿ, ಚೀಲ ಕಾಯುವವಳು. ಮದುವೆಯ ವಿಡಿಯೋ ಇದ್ದದ್ದು ಒಂದೇ ಡಿಸ್ಕಿನಲ್ಲಿ. ಸ್ಟುಡಿಯೋದವರು ತಮ್ಮ ಪ್ರತಿಯನ್ನು ಅಳಿಸಿಬಿಟ್ಟಿದ್ದರು. ಮನೆಯವರು ಕೂತು ನೋಡುವ ಮೊದಲೇ ಆ ಡಿಸ್ಕು ಟೀವಿ ಸ್ಟ್ಯಾಂಡಿನಿಂದ ಕೆಳಗೆ ಬಿದ್ದು, ತೆರೆಯದೆ ಹೋಯಿತು.

ರಜೆಗೆ ನಾನು ಹೋದಾಗ ಭಾವ, ಅಂದರೆ ಆ ಮದುವೆಯ ಗಂಡು, ಡಿಸ್ಕನ್ನು ಲ್ಯಾಪ್‌ಟಾಪಿಗೆ ಚುಚ್ಚುತ್ತ ಕೀಳುತ್ತ ಕೂತಿದ್ದರು. “ತಾಳಿ ಅತ್ತೆ, ಇನ್ನೊಂದ್ಸಲ ನೋಡ್ಬುಡಾನ.”

ದೊಡ್ಡಮ್ಮ ನನ್ನ ಕೈ ಹಿಡಿದರು. “ನೀನು ಇದನ್ನೇ ಓದ್ತಿದೀಯಂತಲ್ಲ, ಹೆಂಗಾರ ಮಾಡಿ ತೆಗೆದ್ಕೊಡಮ್ಮ. ಇವರು ನಿಜ ಒಪ್ಕಬೇಕು.” ಆಮೇಲೆ ದನಿ ತಗ್ಗಿಸಿದರು. “ಇವರು ಅಂಗೆ ಬಾಯ್ತುಂಬ ನಕ್ಕಿದ್ದನ್ನ ನಾನು ಅವತ್ತೇ ನೋಡಿದ್ದು ಕಣಮ್ಮ.”

ಭಾವನ ಕೈಯಲ್ಲಿ ನನಗೆ ದೊಡ್ಡಪ್ಪನ ಆ ಮೊಸರಿನ ಚಮಚವೇ ಕಂಡಂತಾಯಿತು. ಡಿಸ್ಕನ್ನು ಜೋಡಿಸಿದ ಕೂಡಲೇ ಕಂಪ್ಯೂಟರು ನಮ್ಮನ್ನು ಕೇಳದೆ ಅದರೊಳಗೆ ಏನಾದರೂ ಗೀಚುತ್ತದೆ. ಅದನ್ನು ತಡೆಯಲು ನಡುವೆ ಕೂರಿಸುವ ಒಂದು ಪುಟ್ಟ ಪೆಟ್ಟಿಗೆ ಉಂಟು, ರೈಟ್ ಬ್ಲಾಕರ್. ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಇದನ್ನು ವಿವರಿಸಿದೆ.

“ಒಣ ಸೌಟಾ?” ಎಂದರು ದೊಡ್ಡಮ್ಮ.

“ಹೌದು. ಮೊದಲು ಸಣ್ಣ ಜಾಡಿಗೆ ತುಂಬಿಕೋಬೇಕು, ಆಮೇಲೆ ತಿನ್ನೋದು.”

“ಅಷ್ಟೂ ತಿಳೀದಾ ನಮ್ಮಳಿಯಂದ್ರಿಗೆ!”

ಭಾವ ಡಿಸ್ಕನ್ನು ಮೆಲ್ಲಗೆ ಕೆಳಗಿಟ್ಟರು.

ಪೆಟ್ಟಿಗೆಯನ್ನು ನಮ್ಮ ಕಾಲೇಜಿನ ಮೇಡಂ ಹತ್ತಿರ ಕೇಳಿ ತಂದೆ. ಉಳಿದದ್ದಕ್ಕೆ ಭಾವನ ಜೊತೆ ಮಧುಗಿರಿ ಬಸ್ಸು ಹತ್ತಿದೆ. ನಕಲು ಇಳಿಸಲು ಹಳೆಯದಕ್ಕಿಂತ ದೊಡ್ಡದೊಂದು ಡಿಸ್ಕು ಬೇಕಿತ್ತು, ಕರೆಂಟು ಹೋದರೆ ಕೈಬಿಡದ ಯುಪಿಎಸ್ ಬೇಕಿತ್ತು. ಅಂಗಡಿಯವರು ಫಳಫಳ ಹೊಳೆಯುವ ಇನ್ನೊಂದು ಯಂತ್ರವನ್ನೂ ಮುಂದಿಟ್ಟರು.

“ಡಿಸ್ಕಿಂದ ಡಿಸ್ಕಿಗೆ ಒಂದೇ ಗುಂಡಿ ಮೇಡಂ. ಬುಲೆಟ್ ಓಡ್ದಂಗೆ ಓಡ್ತದೆ.”

“ಓದಕ್ಕಾಗದ ಜಾಗ ಬಂದರೆ?”

“ಅಲ್ಲೇ ನಿಂತ್ಬುಡ್ತದೆ.”

“ಹಾಗಾದರೆ ಬೇಡ. ನಿಧಾನವಾದರೂ ಪರವಾಗಿಲ್ಲ, ನಿಲ್ಲಬಾರದು.”

ಅವರು ಭಾವನ ಕಡೆ ತಿರುಗಿದರು. “ಸ್ಪೀಡ್ ಕೇಳೋರ್ನ ನೋಡಿದೀನಿ ಸ್ವಾಮಿ, ನಿಧಾನ ಕೇಳೋರು ಇವರೇ ಮೊದಲು!” ಭಾವ ಅಂಗಡಿಯಾಚೆಯ ಬೆಟ್ಟ ನೋಡುತ್ತ ನಿಂತರು.

ಮನೆಗೆ ಬಂದು, ಸುಲಭವಾಗಿ ಓದಲು ಬಂದದ್ದನ್ನೆಲ್ಲ ಮೊದಲು ಇಳಿಸಿಕೊಂಡು, ಮೊಂಡು ಹಿಡಿದ ಜಾಗಗಳಿಗೆ ಆಮೇಲೆ ತಿರುಗಿ ಬರುವಂತೆ ಕಂಪ್ಯೂಟರಿಗೆ ಹೇಳಿದೆ. ಕರೆಂಟು ಹೋಯಿತು, ಯುಪಿಎಸ್ ಕುಂಯ್‌ಗುಟ್ಟಿತು, ಕೆಲಸ ನಿಲ್ಲಲಿಲ್ಲ. ದೊಡ್ಡಮ್ಮ ಬಾಗಿಲಲ್ಲೇ ಕಾವಲು. “ಯಾರೂ ಧಡಧಡ ಓಡಾಡಬ್ಯಾಡಿ!”

ಮರುದಿನ ಸಂಜೆ ಎಲ್ಲರೂ ನಕಲಿನ ಮುಂದೆ ಕೂತೆವು. ಕೆಲವು ಕಡೆ ಚಿತ್ರ ಚೂರುಚೂರಾಗಿತ್ತು, ಒಂದಷ್ಟು ಹೊತ್ತು ಅಕ್ಕ ಹಸಿರು ಮುಖದ ಮದುಮಗಳಾಗಿದ್ದಳು. ಆಮೇಲೆ ತಮಟೆ. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ, ಬಾಯ್ತುಂಬ ನಗುತ್ತ ಕುಣಿಯುತ್ತಿದ್ದರು. ಮನೆಯೆಲ್ಲ ಹೋ ಎಂದಿತು. ಆದರೆ ಅವರ ಕೈ ಹಿಡಿದು ಎಳೆದಾಡುತ್ತ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವರಿಗಿಂತ ಜೋರಾಗಿ ಇನ್ನೊಬ್ಬರು ಕುಣಿಯುತ್ತಿದ್ದರು. ಈ ವಿಷಯ ಅದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ.

“ಅದ್ಯಾರೇ, ನನ್ನ ಕೈ ಎಳೀತಿರೋಳು?” ಎಂದರು ದೊಡ್ಡಪ್ಪ, ದೊಡ್ಡಮ್ಮನ ಕಡೆ ತಿರುಗಿ.

ದೊಡ್ಡಮ್ಮ ಪರದೆಯನ್ನೇ ದಿಟ್ಟಿಸಿದರು. “ಗಂಡಿನ ಕಡೇವ್ರು ಯಾರೋ ಇರ್ಬೇಕು.”

ದೊಡ್ಡಪ್ಪನಿಗೆ ನಗು ತಡೆಯಲಾಗಲಿಲ್ಲ. ವಿಡಿಯೋದಲ್ಲಿದ್ದಂಥದ್ದೇ ನಗು. ತಮಟೆ ಇನ್ನೂ ಬಡಿಯುತ್ತಿತ್ತು, ಆದರೆ ದೊಡ್ಡಮ್ಮ ಪರದೆಯಿಂದ ತಿರುಗಿ ಅವರ ಮುಖವನ್ನೇ ನೋಡುತ್ತ ಕೂತುಬಿಟ್ಟರು.

ಹಳೆಯ ಡಿಸ್ಕು ಬಟ್ಟೆ ಸುತ್ತಿಸಿಕೊಂಡು ಭರಣಿಯ ಪಕ್ಕಕ್ಕೆ ಹೋಯಿತು. ಈಗಲೂ ಅಲ್ಲೇ ಇದೆ.

ಡಬ್ಬಿ ಮುಚ್ಚಿ, ಮೂರರಲ್ಲಿ ಎಲ್ಲಕ್ಕಿಂತ ನಿಧಾನವಾದ, ಕೆಟ್ಟ ಜಾಗ ಕಂಡರೆ ದಾಟಿ ಹೋಗಿ ಮತ್ತೆ ತಿರುಗಿ ಬರುವ ಯಂತ್ರಕ್ಕೆ ಗುರುತು ಹಾಕಿದೆ. ಮುಂದಿನ ತಿಂಗಳು ದೊಡ್ಡಮ್ಮನ ಮಗನ ಮದುವೆಯಲ್ಲಿ ಚಪ್ಪಲಿ ಕಾಯುವ ಕೆಲಸವನ್ನು ಭಾವನಿಗೆ ವಹಿಸಬೇಕು ಎಂದುಕೊಂಡೆ.

“ಮೇಡಂ, ಮೇಜು ಅಲ್ಲಾಡ್ತಿದೆ. ಕಾಲು ಕುಣಿಸ್ತಿದೀರಾ?” ಎಂದರು ಎದುರಿಗೆ ಕೂತ ಸಹೋದ್ಯೋಗಿ.

“ಇಲ್ಲವಲ್ಲ,” ಎಂದೆ. ನಮ್ಮ ಕೋಣೆಯ ಸಿಸಿಟಿವಿ ಕ್ಯಾಮೆರಾಗೆ ಮೇಜಿನ ಕೆಳಗಿನದು ಕಾಣುವುದಿಲ್ಲ.